ಮ್ಯಾನ್ ಪುಟಗಳಿಗೆ ಬಣ್ಣ: ಟರ್ಮಿನಲ್ ಕೈಪಿಡಿಯನ್ನು ಓದಲು ಹಗುರಗೊಳಿಸುವ ಬಗೆ

ಲಿನಕ್ಸ್ ಅಥವಾ ಯುನಿಕ್ಸ್ ಮಾದರಿಯ ಗಣಕಯಂತ್ರದಲ್ಲಿ ಕೆಲಸ ಮಾಡುವವರಿಗೆ ‘ಮ್ಯಾನ್’ ಎಂಬ ಪುಟ್ಟ ಆದೇಶದ ಪರಿಚಯ ಇಲ್ಲದಿರಲಾರದು. ಮ್ಯಾನ್ಯುಯಲ್, ಅಂದರೆ ಕೈಪಿಡಿ ಎಂಬುದರ ಹ್ರಸ್ವರೂಪವಿದು. ಯಾವ ಆದೇಶದ ಬಳಕೆಯನ್ನು ತಿಳಿಯಬೇಕೋ ಅದರ ಹೆಸರನ್ನು ‘ಮ್ಯಾನ್’ ಎಂಬುದರ ಮುಂದೆ ಬರೆದು ಎಂಟರ್ ಒತ್ತಿದರೆ ಸಾಕು, ಕೈಪಿಡಿಯ ಪುಟ ಪರದೆಯ ಮೇಲೆ ತೆರೆದುಕೊಳ್ಳುತ್ತದೆ. ಅಂತರಜಾಲದ ಸಂಪರ್ಕ ಬೇಡ, ಜಾಹೀರಾತಿನ ಕಾಟವೂ ಇಲ್ಲ. ಗಣಕದಲ್ಲಿರುವ ತಂತ್ರಾಂಶದ ಆವೃತ್ತಿಗೆ ಹೊಂದುವ ವಿವರಣೆಯೇ ಸಾಮಾನ್ಯವಾಗಿ ಅಲ್ಲಿರುತ್ತದೆ ಎಂಬುದು ಇನ್ನೊಂದು ಅನುಕೂಲ.

ಆದರೆ ಹಾಗೆ ತೆರೆದುಕೊಂಡ ಪುಟವನ್ನು ಓದುವುದು ಅನೇಕರ ಪಾಲಿಗೆ ಕಬ್ಬಿಣದ ಕಡಲೆಯೇ ಸರಿ. ಕಪ್ಪು ಪರದೆಯ ಮೇಲೆ ಬೂದುಬಣ್ಣದ ಇಂಗ್ಲಿಷ್ ಅಕ್ಷರಗಳು ಗೋಡೆ ಕಟ್ಟಿದಂತೆ ನಿಂತಿರುತ್ತವೆ. ‘ಬ್ಯಾಶ್’ ಎಂಬ ಶೆಲ್‌ನ ಕೈಪಿಡಿ ಸಾವಿರಾರು ಸಾಲುಗಳಷ್ಟು ಉದ್ದವಿದೆ. ಕಡತಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲಿಸುವ ‘ಆರ್‌ಸಿಂಕ್’ ಕೈಪಿಡಿಯೂ ಕಿರಿದಾದುದಲ್ಲ. ಓದುಗನ ಕಣ್ಣು ಇಲ್ಲಿ ಎಡವಿದರೆ ಆಗುವ ನಷ್ಟ ಸಣ್ಣದಲ್ಲ. ಆರ್‌ಸಿಂಕ್‌ನಲ್ಲಿ ‘--ಡಿಲೀಟ್’ ಎಂಬ ಆಯ್ಕೆಯಿದೆ. ಮೂಲದಲ್ಲಿ ಇಲ್ಲದ ಕಡತಗಳನ್ನು ಅದು ಗುರಿಸ್ಥಾನದಿಂದ ಅಳಿಸುತ್ತದೆ, ಆದರೆ ನಕಲಿನಿಂದ ಹೊರಗಿಡಬೇಕೆಂದು ನಾವು ಸೂಚಿಸಿದ ಕಡತಗಳನ್ನು ಮುಟ್ಟುವುದಿಲ್ಲ. ಅದರ ಬಳಿಯಲ್ಲಿಯೇ ‘--ಡಿಲೀಟ್-ಎಕ್ಸ್‌ಕ್ಲೂಡೆಡ್’ ಎಂಬ ಇನ್ನೊಂದು ಆಯ್ಕೆಯ ವಿವರಣೆ ಇರುತ್ತದೆ. ಇದು ಹೊರಗಿಟ್ಟ ಕಡತಗಳನ್ನೂ ಗುರಿಸ್ಥಾನದಿಂದ ಅಳಿಸಿಹಾಕುತ್ತದೆ. ಇದೇ ಕುಟುಂಬಕ್ಕೆ ಸೇರಿದ ‘--ಡಿಲೀಟ್-ಬಿಫೋರ್’, ‘--ಡಿಲೀಟ್-ಡಿಲೇ’, ‘--ಡಿಲೀಟ್-ಆಫ್ಟರ್’ ಮೊದಲಾದವೂ ಅದೇ ಪ್ರದೇಶದಲ್ಲಿವೆ. ನಡುರಾತ್ರಿಯಲ್ಲಿ ಸರ್ವರ್ ಮುಂದೆ ಕೂತವನಿಗೆ ಒಂದು ವಿವರಣೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತು ಎಂಬುದು ತಟ್ಟನೆ ಗೊತ್ತಾಗಬೇಕು. ಬಣ್ಣದ ಪ್ರಯೋಜನ ಇರುವುದು ಇಲ್ಲಿ.

ಮ್ಯಾನ್ ಪುಟಗಳಿಗೆ ಬಣ್ಣ ಹಚ್ಚುವುದು ಹುಡುಗಾಟದ ಅಲಂಕಾರ ಎಂದು ಮೂಗು ಮುರಿಯುವ ಹಿರಿಯರು ಇಲ್ಲದಿಲ್ಲ. ಆದರೆ ಆ ಪುಟಗಳ ರಚನೆಯನ್ನು ಗಮನಿಸಿದರೆ ಬೇರೆಯೇ ಸಂಗತಿ ಕಾಣುತ್ತದೆ. ಬಣ್ಣ ಸೂಚಿಸಬೇಕಾದ ವ್ಯತ್ಯಾಸ ಅವುಗಳಲ್ಲಿ ಮೊದಲಿನಿಂದಲೂ ಅಡಗಿದೆ. ನಾವು ಮಾಡುವುದು ಅದನ್ನು ಕಣ್ಣಿಗೆ ಕಾಣಿಸುವ ಕೆಲಸವನ್ನು ಮಾತ್ರ.

(ಈ ಲೇಖನದಲ್ಲಿ ಆದೇಶಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಡಲಾಗಿದೆ. ಕೀಲಿಮಣೆಯಲ್ಲಿ ಒತ್ತುವಾಗ ಅವುಗಳ ರೋಮನ್ ಅಕ್ಷರಗಳನ್ನೇ ಬಳಸಬೇಕು. ಅಂಕಿಗಳು ಮತ್ತು ಚಿಹ್ನೆಗಳು ಇದ್ದಂತೆಯೇ ಇರಲಿ.)

ದಪ್ಪಕ್ಷರದ ಅರ್ಥ, ಅಡಿಗೆರೆಯ ಅರ್ಥ

‘ಮ್ಯಾನ್ ಮ್ಯಾನ್’ ಎಂದು ಬರೆದರೆ ಕೈಪಿಡಿಯ ಕೈಪಿಡಿಯೇ ತೆರೆಯುತ್ತದೆ. ಲಿನಕ್ಸ್‌ನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ‘ಮ್ಯಾನ್-ಡಿಬಿ’ ತಂತ್ರಾಂಶದ ಈ ಪುಟದಲ್ಲಿ ಓದುವ ಕ್ರಮವನ್ನು ತಿಳಿಸಲಾಗಿದೆ. ದಪ್ಪಕ್ಷರದಲ್ಲಿ ಇರುವುದನ್ನು ಇದ್ದ ಹಾಗೆಯೇ ಬರೆಯಬೇಕು. ಓರೆ ಅಕ್ಷರದಲ್ಲಿ ಇರುವುದರ ಬದಲಿಗೆ ನಮಗೆ ಬೇಕಾದ ಹೆಸರನ್ನು ತುಂಬಬೇಕು. ಚೌಕ ಆವರಣದೊಳಗೆ ಇರುವುದು ಐಚ್ಛಿಕ. ಉದ್ದಗೆರೆಯಿಂದ ಬೇರ್ಪಟ್ಟ ಆಯ್ಕೆಗಳನ್ನು ಒಟ್ಟಿಗೆ ಬಳಸುವಂತಿಲ್ಲ. ಮೂರು ಚುಕ್ಕೆಗಳು ಬಂದರೆ ಅದರ ಹಿಂದಿನದನ್ನು ಪುನರಾವರ್ತಿಸಬಹುದು ಎಂದರ್ಥ.

ಇವುಗಳಲ್ಲಿ ಮೊದಲಿನೆರಡೇ ಮುಖ್ಯ. ಒಂದು, ಅಕ್ಷರಶಃ ಬರೆಯಬೇಕಾದದ್ದು. ಇನ್ನೊಂದು, ನಾವು ತುಂಬಬೇಕಾದ ಖಾಲಿ ಜಾಗ. ಕೈಪಿಡಿ ಓದುವಲ್ಲಿ ಹೊಸಬರು ಮಾಡುವ ತಪ್ಪುಗಳಲ್ಲಿ ಬಹುಪಾಲು ಈ ಎರಡನ್ನು ಬೆರೆಸುವುದರಿಂದಲೇ ಆಗುತ್ತವೆ. ‘ಫೈಲ್’ ಎಂದು ಮುದ್ರಿತವಾಗಿರುವಲ್ಲಿ ತಮ್ಮ ಕಡತದ ಹೆಸರನ್ನು ಹಾಕದೆ ‘ಫೈಲ್’ ಎಂದೇ ಬರೆದು ಕಂಗಾಲಾಗುವವರು ಉಂಟು. ಮುದ್ರಿತ ಪುಸ್ತಕದಲ್ಲಾದರೆ ದಪ್ಪಕ್ಷರವೂ ಓರೆ ಅಕ್ಷರವೂ ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತವೆ. ಟರ್ಮಿನಲ್‌ನಲ್ಲಿ ಹಾಗಲ್ಲ. ಅಲ್ಲಿ ಓರೆ ಅಕ್ಷರದ ಸ್ಥಾನದಲ್ಲಿ ಸಾಮಾನ್ಯವಾಗಿ ಅಡಿಗೆರೆ ಬರುತ್ತದೆ; ದಪ್ಪಕ್ಷರವೋ, ಕೆಲವು ಫಾಂಟ್‌ಗಳಲ್ಲಿ ಸಾದಾ ಅಕ್ಷರಕ್ಕಿಂತ ಕೂದಲೆಳೆಯಷ್ಟು ಮಾತ್ರ ಭಿನ್ನ. ಹೀಗಾಗಿ ಬರೆದವರು ಶ್ರಮಪಟ್ಟು ಮಾಡಿದ ವಿಂಗಡಣೆ ಓದುವವರ ಕಣ್ಣಿಗೆ ಬೀಳದೆ ಹೋಗುತ್ತದೆ. ದಪ್ಪಕ್ಷರಕ್ಕೆ ಒಂದು ಬಣ್ಣ, ಅಡಿಗೆರೆಗೆ ಇನ್ನೊಂದು ಬಣ್ಣ ಕೊಟ್ಟರೆ ಈ ವಿಂಗಡಣೆ ಮರಳಿ ಸಿಗುತ್ತದೆ.

ಬೆರಳಚ್ಚು ಯಂತ್ರದ ಬಳುವಳಿ

ಯುನಿಕ್ಸ್‌ನ ಮೊದಲ ಕೈಪಿಡಿ ಹೊರಬಂದದ್ದು 1971ರ ನವೆಂಬರ್ 3ರಂದು, ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಬೆಲ್ ಪ್ರಯೋಗಾಲಯದಲ್ಲಿ. ಬರೆದವರು ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ. ಕೈಪಿಡಿ ಬರೆಯಲೇಬೇಕೆಂದು ಪಟ್ಟು ಹಿಡಿದವರು ಅವರ ಮೇಲಧಿಕಾರಿ ಡಗ್ ಮೆಕಿಲ್ರಾಯ್. ಹೆಸರು, ಸಾರಾಂಶ, ವಿವರಣೆ ಎಂದು ಇಂದಿಗೂ ಮ್ಯಾನ್ ಪುಟಗಳಲ್ಲಿ ಕಾಣುವ ವಿಭಾಗಗಳು ಆ ಕೈಪಿಡಿಯಲ್ಲಿಯೇ ಇದ್ದವು.

ಆ ಕಾಲದ ಟರ್ಮಿನಲ್ ಎಂದರೆ ಪರದೆಯಲ್ಲ, ಕಾಗದದ ಮೇಲೆ ಕುಟ್ಟುವ ಟೆಲಿಟೈಪ್ ಯಂತ್ರ. ಅದರಲ್ಲಿ ಅಕ್ಷರವನ್ನು ದಪ್ಪಗೊಳಿಸುವ ದಾರಿ ಒಂದೇ: ಅಕ್ಷರವನ್ನು ಒತ್ತಿ, ಒಂದು ಹೆಜ್ಜೆ ಹಿಂದೆ ಸರಿದು, ಅದರ ಮೇಲೆಯೇ ಮತ್ತೊಮ್ಮೆ ಒತ್ತುವುದು. ಅಡಿಗೆರೆ ಬೇಕಾದರೆ ಗೆರೆಯನ್ನು ಒತ್ತಿ, ಹಿಂದೆ ಸರಿದು, ಅಕ್ಷರವನ್ನು ಒತ್ತುವುದು. ನಮ್ಮ ನ್ಯಾಯಾಲಯಗಳ ಆವರಣದಲ್ಲಿ ಮರದ ನೆರಳಿಗೆ ಕೂತು ಅರ್ಜಿ ಬರೆದುಕೊಡುತ್ತಿದ್ದ ಬೆರಳಚ್ಚುಗಾರರು ಶೀರ್ಷಿಕೆಗಳನ್ನು ಎದ್ದು ಕಾಣುವಂತೆ ಮಾಡಲು ಅನುಸರಿಸುತ್ತಿದ್ದ ಉಪಾಯವೂ ಇದೇ ಆಗಿತ್ತು.

ಅಚ್ಚರಿಯ ವಿಷಯವೆಂದರೆ ಟೆಲಿಟೈಪ್ ಯಂತ್ರಗಳು ವಸ್ತುಸಂಗ್ರಹಾಲಯ ಸೇರಿದ ಮೇಲೂ ಈ ಪದ್ಧತಿ ಉಳಿದುಕೊಂಡಿದೆ. ಕೈಪಿಡಿಯ ಮೂಲ ಕಡತವನ್ನು ಓದಿ ಪುಟವನ್ನು ಹೊಂದಿಸುವ ತಂತ್ರಾಂಶಗಳ ವಂಶಕ್ಕೆ ‘ರಾಫ್’ ಎಂದು ಹೆಸರು. ಇವುಗಳಲ್ಲಿ ಇಂದು ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಕೆಯಾಗುವುದು ಜೇಮ್ಸ್ ಕ್ಲಾರ್ಕ್ ಆರಂಭಿಸಿದ ‘ಗ್ರಾಫ್’. ಓಪನ್‌ಬಿಎಸ್‌ಡಿ, ಆಲ್ಪೈನ್ ಲಿನಕ್ಸ್ ಮೊದಲಾದವು ‘ಮ್ಯಾನ್‌ಡಾಕ್’ ಎಂಬುದನ್ನು ಬಳಸುತ್ತವೆ. ಮ್ಯಾನ್‌ಡಾಕ್ ಇಂದಿಗೂ ಟರ್ಮಿನಲ್‌ಗಾಗಿ ಪುಟ ಸಿದ್ಧಪಡಿಸುವಾಗ ‘ಅಕ್ಷರ, ಹಿನ್ಸರಿತ, ಅಕ್ಷರ’ ಎಂಬ ಮೂರರ ಗುಂಪನ್ನೇ ಕಳುಹಿಸುತ್ತದೆ.

ಈ ಗುಂಪುಗಳನ್ನು ಪರದೆಗೆ ಹೊಂದುವಂತೆ ಬದಲಿಸುವುದು ಪೇಜರ್‌ನ ಕೆಲಸ. ಉದ್ದನೆಯ ಪಠ್ಯವನ್ನು ಒಂದೊಂದೇ ಪರದೆಯಷ್ಟು ತೋರಿಸುವ ತಂತ್ರಾಂಶವೇ ಪೇಜರ್. ಬಹುತೇಕ ಎಲ್ಲ ಕಡೆ ಇದು ಮಾರ್ಕ್ ನೂಡೆಲ್‌ಮನ್ 1980ರ ದಶಕದಲ್ಲಿ ಬರೆದ ‘ಲೆಸ್’. ಒಂದೇ ಅಕ್ಷರ ಎರಡು ಸಲ ಒತ್ತಲ್ಪಟ್ಟಿದೆ ಎಂದು ಕಂಡೊಡನೆ ‘ಲೆಸ್’ ಟರ್ಮಿನಲ್‌ಗೆ ‘ದಪ್ಪಕ್ಷರ ಆರಂಭಿಸು’ ಎಂಬ ಸಂಕೇತ ಕೊಡುತ್ತದೆ. ಮುಗಿದ ಮೇಲೆ ‘ನಿಲ್ಲಿಸು’ ಎನ್ನುತ್ತದೆ. ಯಾವ ಟರ್ಮಿನಲ್‌ಗೆ ಯಾವ ಸಂಕೇತ ಎಂಬುದನ್ನು ತಿಳಿಸುವ ಪಟ್ಟಿಯನ್ನು ‘ಟರ್ಮ್‌ಕ್ಯಾಪ್’ ಎಂಬ ಹೆಸರಿನಲ್ಲಿ ಬರ್ಕ್ಲಿಯ ಬಿಲ್ ಜಾಯ್ 1970ರ ದಶಕದ ಕೊನೆಯಲ್ಲಿ ರೂಪಿಸಿದ್ದರು.

ಬಣ್ಣ ಹಚ್ಚುವ ಉಪಾಯದ ಗುಟ್ಟು ಈ ಪಟ್ಟಿಯಲ್ಲಿದೆ. ‘ದಪ್ಪಕ್ಷರ ಆರಂಭಿಸು’ ಎಂಬ ಸಂಕೇತದ ಜಾಗದಲ್ಲಿ ‘ದಪ್ಪಕ್ಷರ ಮತ್ತು ಹಸಿರುನೀಲಿ ಬಣ್ಣ ಆರಂಭಿಸು’ ಎಂಬ ಸಂಕೇತವನ್ನು ನಾವು ಸೇರಿಸಿದರೆ ‘ಲೆಸ್’ ಪ್ರಶ್ನಿಸದೆ ಅದನ್ನೇ ಕಳುಹಿಸುತ್ತದೆ. ಮೂಲ ಕೈಪಿಡಿಯ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ.

ಬಣ್ಣದ ಸಂಖ್ಯೆಗಳು

ಸಂಕೇತಗಳ ವ್ಯಾಕರಣ ಸರಳವಾಗಿದೆ. ಮೊದಲಿಗೆ ಎಸ್ಕೇಪ್ ಎಂಬ ಅದೃಶ್ಯ ಅಕ್ಷರ (ಅದರ ಸಂಖ್ಯೆ 27), ಅನಂತರ ಎಡ ಚೌಕ ಆವರಣ, ಆಮೇಲೆ ಒಂದು ಅಥವಾ ಹೆಚ್ಚು ಅಂಕಿಗಳು, ಕೊನೆಗೆ ಚಿಕ್ಕ ‘ಎಮ್’. ಅಂಕಿಗಳ ನಡುವೆ ಅರ್ಧವಿರಾಮ. 0 ಎಂದರೆ ಎಲ್ಲವನ್ನೂ ಮೊದಲಿನಂತೆ ಮಾಡು, 1 ಎಂದರೆ ದಪ್ಪ, 4 ಎಂದರೆ ಅಡಿಗೆರೆ, 7 ಎಂದರೆ ಅಕ್ಷರದ ಮತ್ತು ಹಿನ್ನೆಲೆಯ ಬಣ್ಣಗಳನ್ನು ಅದಲುಬದಲು ಮಾಡು. 30ರಿಂದ 37ರವರೆಗೆ ಅಕ್ಷರದ ಬಣ್ಣಗಳು: ಕ್ರಮವಾಗಿ ಕಪ್ಪು, ಕೆಂಪು, ಹಸಿರು, ಹಳದಿ, ನೀಲಿ, ಕಡುಗುಲಾಬಿ, ಹಸಿರುನೀಲಿ ಮತ್ತು ಬಿಳಿ. 40ರಿಂದ 47ರವರೆಗೆ ಅದೇ ಕ್ರಮದಲ್ಲಿ ಹಿನ್ನೆಲೆಯ ಬಣ್ಣಗಳು. ಈ ಸಂಖ್ಯೆಗಳು 1979ರ ಆನ್ಸಿ ಎಕ್ಸ್3.64 ಮಾನಕದಲ್ಲಿದ್ದವು. 1978ರಲ್ಲಿ ಬಂದ ಪ್ರಸಿದ್ಧ ವಿಟಿ100 ಟರ್ಮಿನಲ್‌ಗೆ ಬಣ್ಣವೇ ಇರಲಿಲ್ಲ ಎಂಬುದು ಬೇರೆ ಮಾತು. ಇಂದಿನ ಅನೇಕ ಟರ್ಮಿನಲ್ ತಂತ್ರಾಂಶಗಳು 256 ಬಣ್ಣಗಳನ್ನು, ಇನ್ನೂ ಮುಂದುವರಿದು 1 ಕೋಟಿ 67 ಲಕ್ಷಕ್ಕೂ ಹೆಚ್ಚು ಬಣ್ಣಗಳನ್ನು ತೋರಿಸಬಲ್ಲವು. ನಮ್ಮ ಕೆಲಸಕ್ಕೆ ಎರಡು ಸಾಕು.

ಬ್ಯಾಶ್ ಶೆಲ್ ಬಳಸುವವರು ತಮ್ಮ ಮನೆ ಕಡತಕೋಶದಲ್ಲಿರುವ ‘.ಬ್ಯಾಶ್‌ಆರ್‌ಸಿ’ ಎಂಬ ಕಡತದ ಕೊನೆಗೆ ಈ ನಾಲ್ಕು ಸಾಲುಗಳನ್ನು ಸೇರಿಸಬೇಕು:

ಎಕ್ಸ್‌ಪೋರ್ಟ್ ಲೆಸ್_ಟರ್ಮ್‌ಕ್ಯಾಪ್_ಎಮ್‌ಡಿ=$'\ಇ[1;36ಎಮ್'
ಎಕ್ಸ್‌ಪೋರ್ಟ್ ಲೆಸ್_ಟರ್ಮ್‌ಕ್ಯಾಪ್_ಎಮ್‌ಇ=$'\ಇ[0ಎಮ್'
ಎಕ್ಸ್‌ಪೋರ್ಟ್ ಲೆಸ್_ಟರ್ಮ್‌ಕ್ಯಾಪ್_ಯುಎಸ್=$'\ಇ[4;33ಎಮ್'
ಎಕ್ಸ್‌ಪೋರ್ಟ್ ಲೆಸ್_ಟರ್ಮ್‌ಕ್ಯಾಪ್_ಯುಇ=$'\ಇ[0ಎಮ್'

‘ಲೆಸ್’ ಮತ್ತು ‘ಟರ್ಮ್‌ಕ್ಯಾಪ್’ ಎಂಬವು ದೊಡ್ಡ ರೋಮನ್ ಅಕ್ಷರಗಳಲ್ಲಿಯೂ ಕೊನೆಯ ಎರಡು ಅಕ್ಷರಗಳು ಚಿಕ್ಕ ಅಕ್ಷರಗಳಲ್ಲಿಯೂ ಇರಬೇಕು. ಸಮಚಿಹ್ನೆಯ ಎರಡೂ ಬದಿಯಲ್ಲಿ ಖಾಲಿ ಜಾಗ ಬಿಡಬಾರದು. ‘ಎಮ್‌ಡಿ’ ಎಂದರೆ ದಪ್ಪಕ್ಷರದ ಆರಂಭ, ‘ಎಮ್‌ಇ’ ಅದರ ಅಂತ್ಯ. ‘ಯುಎಸ್’ ಅಡಿಗೆರೆಯ ಆರಂಭ, ‘ಯುಇ’ ಅದರ ಅಂತ್ಯ. ಕಡತವನ್ನು ಉಳಿಸಿ ಹೊಸ ಟರ್ಮಿನಲ್ ಕಿಟಕಿಯನ್ನು ತೆರೆದು ‘ಮ್ಯಾನ್ ಎಲ್‌ಎಸ್’ ಎಂದರೆ ಶೀರ್ಷಿಕೆಗಳೂ ಆಯ್ಕೆಗಳೂ ಹಸಿರುನೀಲಿಯಲ್ಲಿಯೂ, ನಾವು ತುಂಬಬೇಕಾದ ಜಾಗಗಳು ಹಳದಿಯಲ್ಲಿಯೂ ಕಾಣಬೇಕು. ಜೆಡ್‌ಶೆಲ್ ಬಳಸುವವರು ಇದೇ ಸಾಲುಗಳನ್ನು ‘.ಜೆಡ್‌ಎಸ್‌ಎಚ್‌ಆರ್‌ಸಿ’ ಕಡತಕ್ಕೆ ಸೇರಿಸಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆರಂಭದ ಸಾಲುಗಳನ್ನು ಮಾತ್ರ ಬರೆದು ಅಂತ್ಯದ ಸಾಲುಗಳನ್ನು ಬಿಟ್ಟರೆ ಬಣ್ಣ ಸೋರುತ್ತದೆ. ಕಾರಣ ಹೀಗಿದೆ: ಈಗಿನ ಟರ್ಮಿನಲ್‌ಗಳಲ್ಲಿ ಅಡಿಗೆರೆಯನ್ನು ನಿಲ್ಲಿಸುವ ಸಹಜ ಸಂಕೇತದ ಸಂಖ್ಯೆ ಸಾಮಾನ್ಯವಾಗಿ 24. ಅದು ಗೆರೆಯನ್ನಷ್ಟೇ ನಿಲ್ಲಿಸುತ್ತದೆ, ಬಣ್ಣವನ್ನು ಮುಟ್ಟುವುದಿಲ್ಲ. ಹಾಗಾಗಿ ಮೊದಲ ಅಡಿಗೆರೆಯ ಪದದಿಂದ ಮುಂದಿನದೆಲ್ಲವೂ ಹಳದಿಯಾಗಿ ಹೋಗುತ್ತದೆ, ಮುಂದೆ ಯಾವುದಾದರೂ ದಪ್ಪಕ್ಷರ ಬಂದು ಎಲ್ಲವನ್ನೂ ಮೊದಲಿನಂತೆ ಮಾಡುವವರೆಗೂ. ‘ಯುಇ’ಗೆ 0 ಕೊಟ್ಟರೆ ಈ ತೊಂದರೆಯಿಲ್ಲ. ಈ ನಾಲ್ಕರ ಜೊತೆಗೆ ‘ಎಸ್‌ಒ’, ‘ಎಸ್‌ಇ’ ಎಂಬ ಜೋಡಿಯನ್ನೂ ಸೇರಿಸುವಂತೆ ಹಲವರು ಸಲಹೆ ಮಾಡುವುದುಂಟು. ಅದು ಪರದೆಯ ಅಡಿಯಲ್ಲಿರುವ ಸೂಚನೆಯ ಪಟ್ಟಿಗೂ ಹುಡುಕಿದಾಗ ಸಿಕ್ಕ ಪದಗಳಿಗೂ ಅನ್ವಯಿಸುತ್ತದೆ. ಹಿಂದುಮುಂದಾದ ಬಣ್ಣದಲ್ಲಿ ಅವು ಈಗಾಗಲೇ ಚೆನ್ನಾಗಿಯೇ ಕಾಣುವುದರಿಂದ ಅದನ್ನು ಹಾಗೆಯೇ ಬಿಡುವುದು ಮೇಲು.

‘ಎಕ್ಸ್‌ಪೋರ್ಟ್’ ಮಾಡಿದ ಚರಗಳು ‘ಲೆಸ್’ ಬಳಸುವ ಎಲ್ಲ ಸಂದರ್ಭಗಳಿಗೂ ಅನ್ವಯಿಸುತ್ತವೆ. ಮ್ಯಾನ್ ಪುಟಗಳಿಗಷ್ಟೇ ಬಣ್ಣ ಸಾಕು ಎನ್ನುವವರು ‘ಮ್ಯಾನ್’ ಎಂಬ ಹೆಸರಿನದೇ ಒಂದು ಶೆಲ್ ಫಂಕ್ಷನ್ ಬರೆದು, ಅದರೊಳಗೆ ಈ ನಾಲ್ಕು ಚರಗಳನ್ನು ಒಂದೇ ಸಾಲಿನಲ್ಲಿ ಇಟ್ಟು, ಅವುಗಳ ಮುಂದೆ ‘ಕಮಾಂಡ್ ಮ್ಯಾನ್ "$@"’ ಎಂದು ಸೇರಿಸಬಹುದು. ‘ಕಮಾಂಡ್’ ಎಂಬ ಪದವನ್ನು ಮರೆತರೆ ಫಂಕ್ಷನ್ ತನ್ನನ್ನು ತಾನೇ ಕರೆದುಕೊಳ್ಳುತ್ತಾ ಹೋಗುತ್ತದೆ. ಹಲವರು ಒಂದೇ ಖಾತೆಯನ್ನು ಹಂಚಿಕೊಂಡಿರುವ ಸರ್ವರ್‌ಗಳಲ್ಲಂತೂ ಇತರರನ್ನು ಕೇಳದೆ ಬಣ್ಣದ ಸಾಲುಗಳನ್ನು ಸೇರಿಸುವುದು ಸೌಜನ್ಯವಲ್ಲ.

ಬಣ್ಣ ಮಾಯವಾದಾಗ

ಮೇಲಿನ ಉಪಾಯವನ್ನು ವರ್ಷಗಳಿಂದ ಬಳಸುತ್ತಿದ್ದ ಅನೇಕರಿಗೆ 2023ರ ನಂತರ ಒಂದು ದಿನ ಇದ್ದಕ್ಕಿದ್ದಂತೆ ಬಣ್ಣ ಮಾಯವಾಗಿತ್ತು. ದಪ್ಪಕ್ಷರ ಇದೆ, ಅಡಿಗೆರೆ ಇದೆ, ಬಣ್ಣವಿಲ್ಲ! ಈ ಸಮಸ್ಯೆ ಈಗಲೂ ಹೊಸದಾಗಿ ಪ್ರಯತ್ನಿಸುವವರನ್ನು ಕಾಡುವುದರಿಂದ ಸ್ವಲ್ಪ ವಿಸ್ತಾರವಾಗಿ ನೋಡುವುದು ಒಳ್ಳೆಯದು.

2002ರಲ್ಲಿ ಬಂದ ಗ್ರಾಫ್ 1.18ನೇ ಆವೃತ್ತಿ ಟೆಲಿಟೈಪ್ ಕಾಲದ ಹಿನ್ಸರಿತದ ಪದ್ಧತಿಯನ್ನು ಬಿಟ್ಟು, ತಾನೇ ನೇರವಾಗಿ ಎಸ್ಕೇಪ್ ಸಂಕೇತಗಳನ್ನು ಹೊರಡಿಸುವುದನ್ನು ಸಹಜ ನಡವಳಿಕೆಯನ್ನಾಗಿ ಮಾಡಿತು. ಆದರೆ ಇದರಿಂದ ಹಳೆಯ ಪೇಜರ್‌ಗಳಿಗೆ ತೊಂದರೆಯಾದೀತೆಂದು ಹಲವು ಲಿನಕ್ಸ್ ವಿತರಣೆಗಳು ಮ್ಯಾನ್ ಪುಟಗಳ ಮಟ್ಟಿಗೆ ಹೊಸ ನಡವಳಿಕೆಯನ್ನು ತಡೆಹಿಡಿದವು. ಬಣ್ಣದ ಉಪಾಯ ಇಷ್ಟು ಕಾಲ ನಡೆದದ್ದು ಆ ತಡೆಯಿಂದಾಗಿ ಎನ್ನಬೇಕು. 2023ರ ಜುಲೈನಲ್ಲಿ ಗ್ರಾಫ್ 1.23 ಬಿಡುಗಡೆಯಾಯಿತು. ಅದರ ಬೆನ್ನಿಗೆ ಆರ್ಚ್ ಲಿನಕ್ಸ್ ಸೇರಿದಂತೆ ಕೆಲವು ಕಡೆ ತಡೆ ಇಲ್ಲವಾಯಿತು. ಈಗ ‘ಲೆಸ್’ಗೆ ತಲುಪುವುದು ‘ಅಕ್ಷರ, ಹಿನ್ಸರಿತ, ಅಕ್ಷರ’ ಅಲ್ಲ. ಸಿದ್ಧವಾಗಿ ಬಂದ ದಪ್ಪಕ್ಷರದ ಸಂಕೇತ. ಅದನ್ನು ‘ಲೆಸ್’ ಹಾಗೆಯೇ ಪರದೆಗೆ ದಾಟಿಸುತ್ತದೆ. ನಾವು ಬದಲಾಯಿಸಿಟ್ಟ ಪಟ್ಟಿಯನ್ನು ನೋಡುವ ಪ್ರಸಂಗವೇ ಅದಕ್ಕೆ ಬರುವುದಿಲ್ಲ.

ಪರಿಹಾರ ಒಂದೇ ಸಾಲಿನದು. ಗ್ರಾಫ್‌ಗೆ ಹಳೆಯ ಪದ್ಧತಿಯಲ್ಲಿಯೇ ಬರೆಯುವಂತೆ ಹೇಳಬೇಕು:

ಎಕ್ಸ್‌ಪೋರ್ಟ್ ಮ್ಯಾನ್‌ರಾಫ್‌ಆಪ್ಟ್="-ಪಿ -ಸಿ"

ಚರದ ಹೆಸರು ಪೂರ್ತಿ ದೊಡ್ಡ ಅಕ್ಷರಗಳಲ್ಲಿ, ನಡುವೆ ಅಡಿಗೆರೆಯಿಲ್ಲ, ಕೊನೆಯಲ್ಲಿ ‘ಆಪ್ಟ್’ ಎಂಬುದು ಆಪ್ಷನ್ ಎಂಬುದರ ಮೊದಲ ಮೂರು ಅಕ್ಷರ. ಉದ್ಧರಣ ಚಿಹ್ನೆಯೊಳಗೆ ‘ಪಿ’ ದೊಡ್ಡದು, ‘ಸಿ’ ಚಿಕ್ಕದು. ‘ಮ್ಯಾನ್-ಡಿಬಿ’ ಈ ಚರದಲ್ಲಿರುವುದನ್ನು ಗ್ರಾಫ್‌ಗೆ ತಲುಪಿಸುತ್ತದೆ. ಗ್ರಾಫ್ ಅದನ್ನು ತನ್ನ ಕೊನೆಯ ಹಂತದ ತಂತ್ರಾಂಶಕ್ಕೆ ದಾಟಿಸುತ್ತದೆ. ಅಲ್ಲಿ ಎಸ್ಕೇಪ್ ಸಂಕೇತಗಳು ನಿಂತು ಹಿನ್ಸರಿತದ ಗುಂಪುಗಳು ಮರಳುತ್ತವೆ. ‘ಗ್ರಾಫ್_ನೋ_ಎಸ್‌ಜಿಆರ್’ ಎಂಬ ಇನ್ನೊಂದು ಚರಕ್ಕೆ 1 ಎಂದು ಕೊಟ್ಟರೂ ಗ್ರಾಫ್‌ನ ಮಟ್ಟಿಗೆ ಇದೇ ಫಲ.

ತೊಂದರೆ ಎಲ್ಲಿದೆ ಎಂದು ಊಹಿಸುವ ಬದಲು ಪರೀಕ್ಷಿಸಿಯೇ ನೋಡಬಹುದು. ಪುಟ ಹೊಂದಿಸುವ ತಂತ್ರಾಂಶ, ಪೇಜರ್, ಟರ್ಮಿನಲ್ ಎಂಬ ಮೂರು ಕೊಂಡಿಗಳಲ್ಲಿ ಯಾವುದು ಕಳಚಿದರೂ ಬಣ್ಣ ಬರುವುದಿಲ್ಲ. ಮೊದಲು ಟರ್ಮಿನಲ್ಲನ್ನೇ ಕೇಳೋಣ:

ಪ್ರಿಂಟ್‌ಎಫ್ '\033[1;36ಎಮ್ ನಮಸ್ಕಾರ \033[0ಎಮ್\ಎನ್'

ಈ ಸಾಲಿನ ‘ನಮಸ್ಕಾರ’ ಬಣ್ಣದಲ್ಲಿ ಬಂದರೆ ಟರ್ಮಿನಲ್ ಸರಿಯಿದೆ. ಅನಂತರ ಪುಟ ಹೊಂದಿಸುವ ತಂತ್ರಾಂಶ:

ಮ್ಯಾನ್_ಕೀಪ್_ಫಾರ್ಮ್ಯಾಟಿಂಗ್=1 ಮ್ಯಾನ್ ಎಲ್‌ಎಸ್ | ಕ್ಯಾಟ್ -ವಿ | ಹೆಡ್

ಅಕ್ಷರಗಳ ನಡುವೆ ಮೇಲ್ಮೊನೆಯ ಚಿಹ್ನೆ ಮತ್ತು ದೊಡ್ಡ ‘ಎಚ್’ ಕಂಡರೆ ಅದು ಹಿನ್ಸರಿತ, ಹಳೆಯ ಪದ್ಧತಿ. ಮೇಲ್ಮೊನೆಯ ಚಿಹ್ನೆಯ ಜೊತೆಗೆ ಎರಡು ಚೌಕ ಆವರಣಗಳೂ ಅಂಕಿಗಳೂ ಕಂಡರೆ ಎಸ್ಕೇಪ್ ಸಂಕೇತಗಳು ಬರುತ್ತಿವೆ ಎಂದರ್ಥ. ಎರಡನೆಯದಾದರೆ ಮೇಲಿನ ಪರಿಹಾರವೇ ಬೇಕು. ಎರಡು ಪರೀಕ್ಷೆಗಳೂ ಸರಿಯಾಗಿದ್ದು ಬಣ್ಣ ಮಾತ್ರ ಬಾರದಿದ್ದರೆ ಚರದ ಹೆಸರಿನಲ್ಲಿ ಕಾಗುಣಿತದ ತಪ್ಪು ಇರುವ ಸಂಭವವೇ ಹೆಚ್ಚು.

‘ಲೆಸ್’ನದೇ ಹೊಸ ಆಯ್ಕೆ

ಟರ್ಮ್‌ಕ್ಯಾಪ್‌ನ ದಾರಿ ಹಿಂಬಾಗಿಲಿನ ದಾರಿ ಎನ್ನುವುದನ್ನು ಒಪ್ಪಬೇಕು. 2021ರಲ್ಲಿ ಬಂದ ‘ಲೆಸ್’ 581ನೇ ಆವೃತ್ತಿಯಲ್ಲಿ ಮುಂಬಾಗಿಲನ್ನೇ ತೆರೆಯಲಾಯಿತು. ಅದರಲ್ಲಿ ‘--ಯೂಸ್-ಕಲರ್’ ಎಂಬ ಆಯ್ಕೆಯಿದೆ. ಮ್ಯಾನ್ ಪುಟಗಳಿಗೆ ಅದನ್ನು ಹೀಗೆ ಬಳಸಬಹುದು:

ಎಕ್ಸ್‌ಪೋರ್ಟ್ ಮ್ಯಾನ್‌ಪೇಜರ್="ಲೆಸ್ -ಆರ್ --ಯೂಸ್-ಕಲರ್ -ಡಿಡಿ+ಸಿ -ಡಿಯು+ವೈ"

‘ಆರ್’ ದೊಡ್ಡಕ್ಷರ. ‘ಡಿಡಿ’ಯಲ್ಲಿ ಮೊದಲನೆಯದು ದೊಡ್ಡದು, ಎರಡನೆಯದು ಚಿಕ್ಕದು, ‘ಡಿಯು’ವಿನಲ್ಲೂ ‘ಡಿ’ ಮಾತ್ರ ದೊಡ್ಡದು. ಚಿಕ್ಕ ‘ಡಿ’ ದಪ್ಪಕ್ಷರವನ್ನೂ ‘ಯು’ ಅಡಿಗೆರೆಯನ್ನೂ ಸೂಚಿಸುತ್ತವೆ. ಕೂಡು ಚಿಹ್ನೆಯು ಬಣ್ಣದ ಜೊತೆಗೆ ದಪ್ಪ ಅಥವಾ ಅಡಿಗೆರೆಯನ್ನೂ ಉಳಿಸಿಕೊಳ್ಳುತ್ತದೆ. ಕೊನೆಯ ‘ಸಿ’ ಹಸಿರುನೀಲಿಗೆ, ‘ವೈ’ ಹಳದಿಗೆ. ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ, ಬಣ್ಣ ಸೋರುವ ಭಯವೂ ಇಲ್ಲ. ಆದರೆ ಗ್ರಾಫ್ ಎಸ್ಕೇಪ್ ಸಂಕೇತಗಳನ್ನು ಕಳುಹಿಸುವ ಕಡೆ ಇದಕ್ಕೂ ‘ಮ್ಯಾನ್‌ರಾಫ್‌ಆಪ್ಟ್’ ಸಾಲಿನ ನೆರವು ಬೇಕು. ‘ಲೆಸ್ --ವರ್ಷನ್’ ಎಂದು ಬರೆದು ಆವೃತ್ತಿಯನ್ನು ಮೊದಲೇ ನೋಡಿಕೊಳ್ಳುವುದು ಒಳಿತು. ಹಳೆಯ ಸರ್ವರ್‌ಗಳಲ್ಲಿ ಹಿಂದಿನ ಆವೃತ್ತಿಯೇ ಇರುವುದರಿಂದ ಅಲ್ಲಿ ಟರ್ಮ್‌ಕ್ಯಾಪ್‌ನ ನಾಲ್ಕು ಸಾಲುಗಳೇ ಗತಿ.

‘ಲೆಸ್’ ಬಿಟ್ಟು ಬೇರೆ ಪೇಜರ್ ಬಳಸುವವರೂ ಇದ್ದಾರೆ. ಜಾನ್ ಡೇವಿಸ್ ಅವರ ‘ಮೋಸ್ಟ್’ ತಾನಾಗಿಯೇ ಬಣ್ಣ ಹಚ್ಚುತ್ತದೆ. ಡೇವಿಡ್ ಪೀಟರ್ ಆರಂಭಿಸಿದ ‘ಬ್ಯಾಟ್’ ದಪ್ಪಕ್ಷರದ ಗುರುತುಗಳನ್ನು ಕಿತ್ತುಹಾಕಿ, ಪಠ್ಯದ ವಿನ್ಯಾಸವನ್ನು ನೋಡಿ ಯಾವುದು ಆಯ್ಕೆ, ಯಾವುದು ಶೀರ್ಷಿಕೆ ಎಂದು ಊಹಿಸುತ್ತದೆ. ನೋಡಲು ಸೊಗಸು, ಆದರೆ ಬರೆದವರೇ ಕೊಟ್ಟ ಗುರುತನ್ನು ಬಿಟ್ಟು ಊಹೆಯನ್ನು ನೆಚ್ಚುವುದು ಏಕೆ ಎಂಬ ಪ್ರಶ್ನೆ ಏಳುತ್ತದೆ. ನಿಯೋವಿಮ್ ಬಳಸುವವರು ಮ್ಯಾನ್ ಪುಟವನ್ನು ಅದರೊಳಗೇ ತೆರೆದು, ಒಂದು ಪುಟದಿಂದ ಇನ್ನೊಂದಕ್ಕೆ ನೆಗೆಯುವ ಸೌಲಭ್ಯವನ್ನೂ ಪಡೆಯಬಹುದು.

ಯಾವ ಬಣ್ಣ?

ಅಂತರಜಾಲದಲ್ಲಿ ಹಂಚಿಕೆಯಾಗುವ ಹೆಚ್ಚಿನ ಮಾದರಿಗಳಲ್ಲಿ ದಪ್ಪಕ್ಷರಕ್ಕೆ ಕೆಂಪು, ಅಡಿಗೆರೆಗೆ ಹಸಿರು ಇರುತ್ತದೆ. ಈ ಜೋಡಿ ಅಷ್ಟು ಒಳ್ಳೆಯದಲ್ಲ. ಬಣ್ಣಗುರುಡಿನಲ್ಲಿ ಸರ್ವೇಸಾಮಾನ್ಯವಾದುದು ಕೆಂಪು ಮತ್ತು ಹಸಿರಿನ ನಡುವಿನ ವ್ಯತ್ಯಾಸ ತಿಳಿಯದಿರುವುದು. ಉತ್ತರ ಯುರೋಪ್ ಮೂಲದ ಪುರುಷರಲ್ಲಿ ಸುಮಾರು ಶೇ. 8ರಷ್ಟು ಮಂದಿಗೆ ಈ ತೊಂದರೆಯಿದೆ. ಮಹಿಳೆಯರಲ್ಲಿ ಬಹಳ ವಿರಳ. ಮೇಲಿನ ಉದಾಹರಣೆಗಳಲ್ಲಿ ಹಸಿರುನೀಲಿ ಮತ್ತು ಹಳದಿಯನ್ನು ಆರಿಸಿಕೊಂಡದ್ದಕ್ಕೆ ಇದೇ ಕಾರಣ. ಬಣ್ಣ ಕಾಣದವರಿಗೂ ಗುರುತು ಉಳಿಯಲೆಂದು 1 ಮತ್ತು 4 ಎಂಬ ಅಂಕಿಗಳನ್ನು, ಅಂದರೆ ದಪ್ಪ ಮತ್ತು ಅಡಿಗೆರೆಯನ್ನು, ಬಿಟ್ಟಿಲ್ಲ. ಅಡಿಗೆರೆಯನ್ನು ತೆಗೆದು ಬರೀ ಬಣ್ಣ ಉಳಿಸುವ ಮಾದರಿಗಳನ್ನು ಕಣ್ಣು ಮುಚ್ಚಿ ನಕಲು ಮಾಡಬಾರದು.

ಹಿನ್ನೆಲೆಯನ್ನೂ ನೋಡಬೇಕು. ಕಪ್ಪು ಹಿನ್ನೆಲೆಯ ಮೇಲೆ 34ನೇ ಸಂಖ್ಯೆಯ ನೀಲಿ ಅನೇಕ ಟರ್ಮಿನಲ್‌ಗಳಲ್ಲಿ ಓದಲು ಬಾರದಷ್ಟು ಗಾಢ. ಬಿಳಿ ಹಿನ್ನೆಲೆಯ ಮೇಲೆ ಹಳದಿಯದ್ದೂ ಇದೇ ಗೋಳು. ಬಿಳಿ ಪರದೆಯನ್ನು ಇಷ್ಟಪಡುವವರು ದಪ್ಪಕ್ಷರಕ್ಕೆ 34, ಅಡಿಗೆರೆಗೆ 31 ಬಳಸಿ ನೋಡಬಹುದು. 2011ರಲ್ಲಿ ಈಥನ್ ಶೂನೋವರ್ ರೂಪಿಸಿದ ಜನಪ್ರಿಯ ‘ಸೋಲರೈಸ್ಡ್’ ವರ್ಣಸಂಯೋಜನೆಯಲ್ಲಿ ಇನ್ನೊಂದು ತೊಡಕುಂಟು. ದಪ್ಪಕ್ಷರ ಎಂದೊಡನೆ ಬಣ್ಣವನ್ನು ಉಜ್ವಲಗೊಳಿಸುವ ಅಭ್ಯಾಸ ಕೆಲವು ಟರ್ಮಿನಲ್‌ಗಳಿಗೆ ಇದೆ. ಆ ಸಂಯೋಜನೆಯಲ್ಲಾದರೋ ಉಜ್ವಲ ಬಣ್ಣಗಳ ಸ್ಥಾನಗಳಲ್ಲಿ ಹೆಚ್ಚಿನವನ್ನು ಬೂದಿಯ ಛಾಯೆಗಳಿಗೆ ಮೀಸಲಿಡಲಾಗಿದೆ. ಹೀಗಾಗಿ ದಪ್ಪ ಹಸಿರು ಕೇಳಿದವರಿಗೆ ಸಿಗುವುದು ಬೂದಿ! ಟರ್ಮಿನಲ್‌ನ ಆಯ್ಕೆಗಳಲ್ಲಿ ದಪ್ಪಕ್ಷರವನ್ನು ಉಜ್ವಲವಾಗಿ ತೋರಿಸಬೇಡ ಎಂಬ ಸೂಚನೆ ಕೊಟ್ಟರೆ ಇದು ಸರಿಹೋಗುತ್ತದೆ.

ಬಣ್ಣ ಎಂಬುದು ಊಟಕ್ಕೆ ಉಪ್ಪಿನಕಾಯಿ ಇದ್ದಂತೆ. ಐದಾರು ಬಣ್ಣಗಳನ್ನು ಹಾಕಿದರೆ ಯಾವುದಕ್ಕೆ ಯಾವ ಅರ್ಥ ಎಂಬುದು ಓದುಗನಿಗೇ ನೆನಪಿರುವುದಿಲ್ಲ. ಅಲ್ಲದೆ ಹುಡುಕುವ ಕೌಶಲಕ್ಕೆ ಬಣ್ಣ ಬದಲಿಯೂ ಅಲ್ಲ. ‘ಲೆಸ್’ನೊಳಗೆ ಓರೆಗೆರೆ ಒತ್ತಿ ‘^ *--ಡಿಲೀಟ್’ ಎಂದು ಬರೆದರೆ ಸಾಲಿನ ಆರಂಭದಲ್ಲಿ ಆ ಆಯ್ಕೆ ಬರುವ ಕಡೆಗೇ ನೇರವಾಗಿ ಹೋಗಬಹುದು. ವಾಕ್ಯಗಳ ನಡುವೆ ಬರುವ ಉಲ್ಲೇಖಗಳಲ್ಲಿ ಅಲೆದಾಡಬೇಕಿಲ್ಲ. ‘ಎನ್’ ಒತ್ತಿದರೆ ಮುಂದಿನದು.

ಹೆಲ್ಪ್ ಆಯ್ಕೆಯ ಕಥೆ ಬೇರೆ

ಆದೇಶದ ಮುಂದೆ ‘--ಹೆಲ್ಪ್’ ಎಂದು ಬರೆದಾಗ ಬರುವ ಚುಟುಕು ನೆರವಿಗೂ ಮ್ಯಾನ್ ಪುಟಕ್ಕೂ ಸಂಬಂಧವಿಲ್ಲ. ಅದನ್ನು ಮುದ್ರಿಸುವುದು ಆಯಾ ತಂತ್ರಾಂಶವೇ. ಹೀಗಾಗಿ ಮೇಲೆ ಹೇಳಿದ ಯಾವ ಸಾಲೂ ಅಲ್ಲಿ ಕೆಲಸ ಮಾಡುವುದಿಲ್ಲ. ಬಣ್ಣ ಬೇಕೋ ಬೇಡವೋ ಎಂಬುದನ್ನು ತಂತ್ರಾಂಶ ಬರೆದವರೇ ನಿರ್ಧರಿಸಬೇಕು. 2025ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.14ರಲ್ಲಿ ‘ಆರ್ಗ್‌ಪಾರ್ಸ್’ ಎಂಬ ಗ್ರಂಥಾಲಯವು ಹೆಲ್ಪ್ ಪಠ್ಯಕ್ಕೆ ತಾನಾಗಿಯೇ ಬಣ್ಣ ಕೊಡತೊಡಗಿದೆ. ಅದನ್ನು ಬಳಸುವ ಅಸಂಖ್ಯಾತ ಪೈಥಾನ್ ತಂತ್ರಾಂಶಗಳಿಗೆ ಇದರಿಂದ ಪುಕ್ಕಟೆ ಬಣ್ಣ ದೊರೆತಂತಾಯಿತು.

ಸ್ವಂತ ತಂತ್ರಾಂಶ ಬರೆಯುವವರು ಎರಡು ವಿಷಯಗಳನ್ನು ಮರೆಯಬಾರದು. ಹೆಲ್ಪ್ ಪಠ್ಯ ಪರದೆಗೆ ಹೋಗುತ್ತಿದೆಯೋ ಕಡತಕ್ಕೋ ಎಂಬುದನ್ನು ಪರೀಕ್ಷಿಸಿ, ಪರದೆಯಾದರೆ ಮಾತ್ರ ಬಣ್ಣ ಕೊಡಬೇಕು. ಇಲ್ಲವಾದರೆ ಕಡತದ ತುಂಬ ಆವರಣ, ಅಂಕಿಗಳ ಕಸ ತುಂಬಿಕೊಳ್ಳುತ್ತದೆ. ಎರಡನೆಯದಾಗಿ, ‘ನೋ_ಕಲರ್’ ಎಂಬ ಚರಕ್ಕೆ ಬಳಕೆದಾರರು ಏನಾದರೂ ಬೆಲೆ ಕೊಟ್ಟಿದ್ದರೆ ಬಣ್ಣವನ್ನು ಕೈಬಿಡಬೇಕು. 2017ರಲ್ಲಿ ಮುಂದಿಡಲಾದ ಈ ಒಡಂಬಡಿಕೆಯನ್ನು ಈಗ ಬಹಳಷ್ಟು ತಂತ್ರಾಂಶಗಳು ಪಾಲಿಸುತ್ತವೆ. ಪೈಥಾನ್ ಸಹ ಅದಕ್ಕೆ ಮನ್ನಣೆ ಕೊಡುತ್ತದೆ.

ಮ್ಯಾನ್ ಪುಟವನ್ನು ಕಾಗದದಲ್ಲಿ ಓದಬಯಸುವವರಿಗೆ ‘ಮ್ಯಾನ್ -ಟಿಪಿಡಿಎಫ್ ಎಲ್‌ಎಸ್ > ಎಲ್‌ಎಸ್.ಪಿಡಿಎಫ್’ ಎಂಬ ಆದೇಶವಿದೆ. ಮೊದಲ ‘ಟಿ’ ದೊಡ್ಡದು, ಉಳಿದವು ಚಿಕ್ಕವು. ಗ್ರಾಫ್ ಪೂರ್ಣವಾಗಿ ಅಳವಟ್ಟಿರುವ ಗಣಕದಲ್ಲಿ ಇದು ಪಿಡಿಎಫ್ ಕಡತವನ್ನು ಸಿದ್ಧಪಡಿಸುತ್ತದೆ. ಅದರಲ್ಲಿ ಬಣ್ಣಗಳ ಬದಲು ನಿಜವಾದ ದಪ್ಪಕ್ಷರವೂ ಓರೆ ಅಕ್ಷರವೂ ಇರುತ್ತವೆ.